ಯಾವ ಟೈಪು, ನೀವೇ ಹೇಳಿ

ಕರ್ನಲ್ ಕೋಡ್ ಓದುವ ಹುಚ್ಚು ಹಿಡಿದವರು ಷೆಡ್ಯೂಲರ್, ಮೆಮೊರಿ ಎಂದು ನೇರ ದೊಡ್ಡ ಮನೆಗಳಿಗೇ ನುಗ್ಗುತ್ತಾರೆ. ನನಗೆ ಓಣಿಯ ಮೂಲೆಯ ಪುಟ್ಟ ಮನೆಗಳೇ ಇಷ್ಟ. ಈ ವಾರ ಅಂಥದ್ದೊಂದು: ಲಿನಕ್ಸ್‌ನ ‘ಐ2ಸಿ-ಪಾರ್‌ಪೋರ್ಟ್’ ಮಾಡ್ಯೂಲ್.

ಐ2ಸಿ ಅಂದರೆ ಚಿಪ್ಪುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲೆಂದು 1982ರಲ್ಲಿ ಫಿಲಿಪ್ಸ್ ಮಾಡಿಕೊಟ್ಟ ಎರಡು ತಂತಿಯ ಏರ್ಪಾಡು. ಎಸ್‌ಡಿಎ ತಂತಿಯಲ್ಲಿ ಮಾತು, ಎಸ್‌ಸಿಎಲ್ ತಂತಿಯಲ್ಲಿ ತಾಳ. ಹಳೆಯ ಪ್ರಿಂಟರ್ ಪೋರ್ಟಿನ 25 ಪಿನ್‌ಗಳಲ್ಲಿ ಕೆಲವನ್ನು ಹಿಡಿದು ಈ ಮಾತು ಆಡಿಸುವ ಅಡಾಪ್ಟರ್‌ಗಳನ್ನು ಫಿಲಿಪ್ಸ್ ಮಾಡಿತು, ಬೆಲ್ಜಿಯಂನ ವೆಲ್ಲೆಮನ್ ಮಾಡಿತು, ಜರ್ಮನಿಯ ಇಎಲ್‌ವಿ ಮಾಡಿತು. ಟೆಲಿಟೆಕ್ಸ್ಟ್ ಗೀಳಿನವರು ಮನೆಯಲ್ಲೇ ಬೆಸುಗೆ ಹಾಕಿಕೊಂಡರು. ಒಂದೊಂದಕ್ಕೂ ಒಂದೊಂದು ಡ್ರೈವರ್. ಅವನ್ನೆಲ್ಲ ಒಂದೇ ಮಾಡ್ಯೂಲಿಗೆ ತಂದವರು ಜಾನ್ ಡೆಲ್ವಾರ್.

ತಂದ ರೀತಿಯಲ್ಲೇ ಸೊಗಸಿರುವುದು. ನಾಲ್ಕು ಫೈಲು ಒಟ್ಟಿಗೆ ಹೊಲಿದು, ‘ಇದಾದರೆ ಹೀಗೆ, ಅದಾದರೆ ಹಾಗೆ’ ಎಂದು ತೇಪೆ ಹಾಕುವುದು ಯಾರಿಗೂ ಬರುತ್ತದೆ. ಇಲ್ಲಿ ಹಾಗಾಗಿಲ್ಲ. ಬಿಟ್‌ಗಳನ್ನು ಏರಿಸಿ ಇಳಿಸುವ ಕೆಲಸ ಎಲ್ಲಕ್ಕೂ ಒಂದೇ. ಅದನ್ನು ನೋಡಿಕೊಳ್ಳಲು ‘ಐ2ಸಿ-ಆಲ್ಗೊ-ಬಿಟ್’ ಇದೆ. ಉಳಿದದ್ದು ಯಾವ ತಂತಿ ಯಾವ ಪಿನ್ನಿಗೆ ಹೋಗಿದೆ ಎನ್ನುವ ವ್ಯತ್ಯಾಸ. ಅದಕ್ಕೊಂದು ಕೋಷ್ಟಕ. ಪ್ರತಿ ತಂತಿಯ ಎದುರು ಮೂರೇ ಮಾತು: ಯಾವ ಬಿಟ್; ಡೇಟಾ, ಸ್ಟೇಟಸ್, ಕಂಟ್ರೋಲ್ ಪೈಕಿ ಯಾವ ರಿಜಿಸ್ಟರ್; ಸಿಗ್ನಲ್ ತಲೆಕೆಳಗೋ ಅಲ್ಲವೋ. ಅನಲಾಗ್ ಡಿವೈಸಸ್ ಬೋರ್ಡುಗಳು, ಬಾರ್ಕೊ ಅಡಾಪ್ಟರ್, ರಿಮೋಟಿಗೆ ಚುಚ್ಚುವ ಜೆಪಿ1 ಕೇಬಲ್ಲು ಕೂಡ ಇದೇ ಪಂಕ್ತಿಯಲ್ಲಿ ಕೂತವು.

ಜೊತೆಗಿಟ್ಟ ದಾಖಲೆ ಕೋಡಿಗಿಂತ ರುಚಿ. ಅಡಾಪ್ಟರ್ ಯಾವುದೆಂದು ಡ್ರೈವರ್ ತಾನಾಗಿ ಪತ್ತೆಹಚ್ಚಲಾರದು ಎಂದು ಅದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ‘ಟೈಪ್=2’ ಎಂದು ಕೊಟ್ಟರೆ ವೆಲ್ಲೆಮನ್ ಕೆ8000, ‘ಟೈಪ್=3’ ಎಂದರೆ ಇಎಲ್‌ವಿ. ಹಿಂದೆ ಏನೂ ಹೇಳದಿದ್ದರೆ ಫಿಲಿಪ್ಸ್ ಇರಬೇಕು ಎಂದುಕೊಳ್ಳುತ್ತಿತ್ತು. ಈಗ ಹೇಳದಿದ್ದರೆ ಶುರುವೇ ಆಗದು. ಕಿರಿಕಿರಿ ಅನ್ನಿಸಬಹುದು, ಆದರೂ ನನ್ನ ಓಟು ಇದಕ್ಕೇ: ಊಹೆ ಮಾಡಿ ಯಾವುದೋ ಪಿನ್ನಿಗೆ ವೋಲ್ಟೇಜು ಕೊಡುವುದಕ್ಕಿಂತ ಸುಮ್ಮನಿರುವುದು ವಾಸಿ.

ಅಡಾಪ್ಟರನ್ನು ನೀವೇ ಕಟ್ಟಿಕೊಳ್ಳುವುದಾದರೆ ಅಕ್ಷರ, ಗೆರೆಗಳಲ್ಲೇ ಬಿಡಿಸಿದ ಸರ್ಕ್ಯೂಟು ಚಿತ್ರವೂ ಅಲ್ಲಿದೆ. ರೆಸಿಸ್ಟರುಗಳೆಲ್ಲ 10 ಕಿಲೋ ಓಮ್; ಇನ್ವರ್ಟರುಗಳು ಓಪನ್ ಕಲೆಕ್ಟರ್ ಆಗಿರಲೇಬೇಕು. ಬಿಡುವಾಗಿರುವ ಡೇಟಾ ಪಿನ್‌ಗಳಿಂದಲೇ ಚಿಪ್ಪಿಗೆ ಕರೆಂಟು ಎಳೆಯಬಹುದು. ಆದರೆ ಹಾಗೆ ಒಟ್ಟಿಗೆ ಕಟ್ಟಿದ ಪಿನ್‌ಗಳೆಲ್ಲ ಒಂದೇ ಸ್ಥಿತಿಯಲ್ಲಿರಬೇಕು, ಒಂದು ಮೇಲೆ ಒಂದು ಕೆಳಗೆ ಆಯಿತೋ, ಪೋರ್ಟಿನ ಔಟ್‌ಪುಟ್ಟೇ ಶಾರ್ಟ್. ಅದಕ್ಕೇ ದಾಖಲೆಯ ಬುದ್ಧಿಮಾತು: ಮೊದಲು ಮಾಡ್ಯೂಲ್ ಲೋಡ್ ಮಾಡಿ, ಆಮೇಲೆ ಅಡಾಪ್ಟರ್ ಚುಚ್ಚಿ. ಕೈ ಸುಟ್ಟುಕೊಂಡವರ ಮಾತಿನ ವಾಸನೆ ಇದಕ್ಕಿದೆ.

ಈ ಮಾಡ್ಯೂಲ್ ಜಾಗ ಬಿಡಿಸಿದ ಹಳೆಯ ಡ್ರೈವರ್‌ಗಳಲ್ಲಿ ಒಂದರ ಹೆಸರೂ ಐ2ಸಿ-ಪಾರ್‌ಪೋರ್ಟ್ ಎಂದೇ! ಅದು ವಿಡಿಯೊ ವಿಭಾಗದ್ದು, ಇದಲ್ಲ ಎಂದು ದಾಖಲೆ ತಿದ್ದಿ ಹೇಳುತ್ತದೆ. ಸೇರಿಸದೆ ಬಿಟ್ಟವನ್ನೂ ಹೆಸರಿಸುತ್ತದೆ: ‘ಐ2ಸಿ-ಪಿಪೋರ್ಟ್’ ಕೂಡ ಬೇರೆಯದೇ. ಪೋರ್ಟಿನ ಹೊಸ ಸೌಲಭ್ಯಗಳನ್ನು ಬಳಸಿಕೊಳ್ಳುವ ಅದಕ್ಕೆ ಹೊರಗಿನ ಸರ್ಕ್ಯೂಟೇ ಬೇಡ.