ಲೇಖಕನೇ ಪ್ರಕಾಶಕನಾದಾಗ

ಗ್ರಂಥವನ್ನು ರಚಿಸಿದವನೇ ಅದನ್ನು ಅಚ್ಚು ಹಾಕಿಸಿ, ತಾನೇ ಓದುಗರಿಗೆ ಮುಟ್ಟಿಸುವ ಪದ್ಧತಿ ಕನ್ನಡಕ್ಕೆ ಹೊಸತಲ್ಲ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಮರೆಯಲಾಗದ ಸಂಗತಿ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಮುದ್ರಣಾಲಯವನ್ನು ನಡೆಸಿದರು. ಕುವೆಂಪು ಅವರ ಮನೆಯ ಹೆಸರಾದ ‘ಉದಯರವಿ’ಯೇ ಅವರ ಗ್ರಂಥಗಳ ಪ್ರಕಾಶನದ ಹೆಸರೂ ಆಯಿತು. ಅಂದು ಪ್ರಕಾಶಕರು ವಿರಳವಾಗಿದ್ದುದರಿಂದ ಲೇಖಕರು ಈ ಹೊರೆಯನ್ನು ಹೊರಬೇಕಾಯಿತು. ಇಂದು ಕಾರಣ ಬೇರೆ. ಗಣಕಯಂತ್ರದಿಂದ ಅಕ್ಷರಜೋಡಣೆ ಸುಲಭವಾಗಿದೆ. ಕೆಲವೇ ನೂರು ಪ್ರತಿಗಳನ್ನು ಅಚ್ಚು ಹಾಕಿಸುವುದೂ ಕೈಗೆಟುಕುವ ಮಾತಾಗಿದೆ. ಆದ್ದರಿಂದ ಲೇಖಕ-ಪ್ರಕಾಶಕರ ಸಂಖ್ಯೆ ಬೆಳೆಯುತ್ತಲೇ ಇದೆ.

ಇಂತಹ ಗ್ರಂಥಗಳನ್ನು ವಿಮರ್ಶೆ ಹೇಗೆ ಎದುರುಗೊಳ್ಳಬೇಕು? ಸಾಮಾನ್ಯವಾಗಿ ಎರಡು ತಪ್ಪುಗಳು ಕಾಣುತ್ತವೆ. ಒಂದು ಉಪೇಕ್ಷೆ: ದೊಡ್ಡ ಪ್ರಕಾಶಕನ ಮುದ್ರೆ ಇಲ್ಲದ ಪುಸ್ತಕ ಓದಲು ಯೋಗ್ಯವಲ್ಲವೆಂಬ ಭಾವನೆ. ಇನ್ನೊಂದು ದಾಕ್ಷಿಣ್ಯ: ‘ಪಾಪ, ಸ್ವಂತ ಹಣ ಹಾಕಿ ಅಚ್ಚು ಹಾಕಿಸಿದ್ದಾರೆ’ ಎಂಬ ಮರುಕದಿಂದ ಹೊಗಳಿ ಬಿಡುವುದು. ಬಿಡುಗಡೆಯ ಸಭೆಯಲ್ಲಿ ಆಡಿದ ಮಾತೇ ಮುನ್ನುಡಿಯಾಗಿ, ಮುನ್ನುಡಿಯೇ ವಿಮರ್ಶೆಯಾಗಿ ಅಚ್ಚಾಗುವ ಪರಿಪಾಠ ಈ ದಾಕ್ಷಿಣ್ಯದಿಂದ ಹುಟ್ಟಿದುದು. ಮೊದಲನೆಯ ತಪ್ಪಿಗಿಂತ ಎರಡನೆಯದೇ ಹೆಚ್ಚು ಹಾನಿಕರ. ಏಕೆಂದರೆ ಅದು ಲೇಖಕನಿಗೂ ನೆರವಾಗುವುದಿಲ್ಲ, ಓದುಗನಿಗೂ ದಾರಿ ತೋರಿಸುವುದಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ನಿಂತು ಪುಟ ತಿರುವಿ ನೋಡಿ ಕೊಳ್ಳುವ ಅವಕಾಶವುಳ್ಳವನಿಗೆ ಈ ಕೊರತೆ ಅಷ್ಟಾಗಿ ತಟ್ಟದು. ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲೆಸಿ ಅಂಚೆಯಿಂದ ಪುಸ್ತಕ ತರಿಸಿಕೊಳ್ಳುವ ಕನ್ನಡಿಗನಿಗೆ ಮಾತ್ರ ವಿಮರ್ಶೆಯೊಂದೇ ಕಿಟಕಿ. ಆ ಕಿಟಕಿಯ ಗಾಜು ಬಣ್ಣದ್ದಾದರೆ ಹೊರಗಿನದೆಲ್ಲವೂ ಅದೇ ಬಣ್ಣದ್ದಾಗಿ ಕಾಣುತ್ತದೆ.

ಪ್ರಕಾಶಕನೆಂದರೆ ಹಣ ಹೂಡುವವನು ಮಾತ್ರವಲ್ಲ. ಹಸ್ತಪ್ರತಿಯ ಮೊದಲ ಪರಕೀಯ ಓದುಗನೂ ಅವನೇ. ‘ಇದು ಬೇಡ’ ಎನ್ನುವ ಅಧಿಕಾರ ಅವನದು. ಲೇಖಕನೇ ಪ್ರಕಾಶಕನಾದಾಗ ಆ ಅಧಿಕಾರವೂ ಅವನಲ್ಲಿಯೇ ಸೇರಿಕೊಳ್ಳುತ್ತದೆ. ಇದರಿಂದ ದೊರೆಯುವ ಲಾಭವೇನು, ತೆರಬೇಕಾದ ಬೆಲೆಯೇನು ಎಂಬುದನ್ನು ಪರೀಕ್ಷಿಸಲು ಬೇರೆ ಬೇರೆ ಪ್ರಕಾರಗಳಿಗೆ ಸೇರಿದ ಮೂರು ಕೃತಿಗಳನ್ನು ತೆಗೆದುಕೊಳ್ಳಬಹುದು: ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕಥೆ’ (೧೯೯೧), ವಸುಧೇಂದ್ರ ಅವರ ಕಥಾಸಂಕಲನ ‘ಮೋಹನಸ್ವಾಮಿ’ (೨೦೧೩), ಹಾಗೂ ಅವರದೇ ಕಾದಂಬರಿ ‘ತೇಜೋ ತುಂಗಭದ್ರಾ’ (೨೦೧೯). ಮೊದಲನೆಯದು ತೇಜಸ್ವಿಯವರದೇ ಆದ ‘ಪುಸ್ತಕ ಪ್ರಕಾಶನ’ದಿಂದಲೂ ಉಳಿದೆರಡು ವಸುಧೇಂದ್ರ ಅವರು ಸ್ಥಾಪಿಸಿದ ‘ಛಂದ ಪುಸ್ತಕ’ದಿಂದಲೂ ಬಂದವು.

‘ಪರಿಸರದ ಕಥೆ’ ಯಾವ ಪ್ರಕಾರಕ್ಕೆ ಸೇರಿದ ಗ್ರಂಥವೆಂದು ನಿರ್ಣಯಿಸುವುದು ಸುಲಭವಲ್ಲ. ಹೆಸರಿನಲ್ಲಿ ಕಥೆ ಇದೆ, ಒಳಗೆ ಪ್ರಬಂಧದ ಸಲಿಗೆಯಿದೆ, ವಿಷಯ ಪ್ರಾಣಿವಿಜ್ಞಾನದ್ದು. ಮೂಡಿಗೆರೆಯ ಕಾಫಿ ತೋಟ, ಸುತ್ತಲಿನ ಕಾಡು, ಹಕ್ಕಿ, ಹಾವು, ಮೀನು, ಇವುಗಳ ನಡುವೆ ಓಡಾಡುವ ‘ಕಿವಿ’ ಎಂಬ ನಾಯಿ, ಮಾರ, ಪ್ಯಾರರಂತಹ ಜನ—ಇಷ್ಟೇ ಇಲ್ಲಿನ ಪ್ರಪಂಚ. ಪುಸ್ತಕವನ್ನು ಕಪಾಟಿನ ಯಾವ ಅಂತಸ್ತಿನಲ್ಲಿಡಬೇಕೆಂದು ಮೊದಲೇ ಕೇಳುವ ವ್ಯಾಪಾರಿ ಪ್ರಕಾಶಕ ಇಂತಹ ಬರವಣಿಗೆಯನ್ನು ಕಥೆಯನ್ನಾಗಿಯೋ ಪಾಠವನ್ನಾಗಿಯೋ ತಿದ್ದಲು ಹೇಳುತ್ತಿದ್ದನೇನೋ. ಆ ಪ್ರಶ್ನೆಗೆ ಉತ್ತರಿಸುವ ಅಗತ್ಯ ತೇಜಸ್ವಿಯವರಿಗೆ ಇರಲಿಲ್ಲ. ಅದರ ಫಲವಾಗಿ ಕನ್ನಡ ಗದ್ಯಕ್ಕೆ ಹೊಸದೊಂದು ನಡಿಗೆ ದೊರೆಯಿತು. ನಿಸರ್ಗವನ್ನು ಕಂಡು ಭಾವಪರವಶವಾಗುವ ನವೋದಯದ ಮಾರ್ಗವನ್ನು ಬಿಟ್ಟು, ಕುತೂಹಲದಿಂದ ನೋಡುವ, ನೋಡಿದ್ದನ್ನು ನಗುತ್ತ ಹೇಳುವ ಮಾರ್ಗ ಅದು. ಕವಿಯ ಮಗನೇ ಆ ದಾರಿಯನ್ನು ತುಳಿದುದು ಗಮನಾರ್ಹ. ಇಲ್ಲಿ ನಾಯಿಯ ಕುರಿತು ಬರೆದರೆ ನಾಯಿಯೇ ಮುಖ್ಯ. ಅದು ಇನ್ನಾವುದರ ಸಂಕೇತವೂ ಅಲ್ಲ.

ಆದರೆ ಅದೇ ಸ್ವಾತಂತ್ರ್ಯದ ಇನ್ನೊಂದು ಮುಖವೂ ಗ್ರಂಥದಲ್ಲಿದೆ. ಕೆಲವು ಲೇಖನಗಳು ಮಾತಿನ ಓಟದಲ್ಲಿ ಸಾಗಿ, ಮುಗಿಯುವುದಕ್ಕಿಂತ ನಿಂತುಹೋಗುತ್ತವೆ. ಒಂದು ಪ್ರಸಂಗ ನಗೆಯನ್ನು ಹುಟ್ಟಿಸಿದ ಮೇಲೆ ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಸಂಗ ಮೊದಲಿನದರ ಬಲವನ್ನು ಕುಗ್ಗಿಸುವುದುಂಟು. ಹರಟೆಗೂ ಕೃತಿಗೂ ಇರುವ ಗೆರೆಯನ್ನು ಹೊರಗಿನ ಕೈಯೊಂದು ಅಲ್ಲಲ್ಲಿ ಎಳೆದಿದ್ದರೆ ಗ್ರಂಥ ಇನ್ನೂ ಬಿಗಿಯಾಗುತ್ತಿತ್ತು. ಹಾಗಿದ್ದರೂ ತೂಕ ಹಾಕಿದಾಗ ಲಾಭದ ತಟ್ಟೆಯೇ ಕೆಳಗಿಳಿಯುತ್ತದೆ. ಸಡಿಲತನವನ್ನು ಪೂರ್ತಿಯಾಗಿ ತೆಗೆದಿದ್ದರೆ ಸಲಿಗೆಯೂ ಅದರೊಡನೆ ಹೋಗುತ್ತಿತ್ತು.

‘ಮೋಹನಸ್ವಾಮಿ’ಯ ಸಮಸ್ಯೆ ಪ್ರಕಾರದ್ದಲ್ಲ, ವಸ್ತುವಿನದು. ಗಂಡಸನ್ನೇ ಪ್ರೀತಿಸುವ ಗಂಡಸಿನ ಬದುಕನ್ನು ಮರೆಯಿಲ್ಲದೆ, ಹಾಸ್ಯಕ್ಕೆ ಒಪ್ಪಿಸದೆ, ರೋಗವೆಂದು ಬಗೆಯದೆ ನಿರೂಪಿಸುವ ಕಥೆಗಳು ಇವು. ಕಾಲವನ್ನೂ ಇಲ್ಲಿ ಗಮನಿಸಬೇಕು. ಸಂಕಲನ ಪ್ರಕಟವಾದ ೨೦೧೩ರಲ್ಲಿಯೇ, ಡಿಸೆಂಬರ್ ೧೧ರಂದು, ಸುಪ್ರೀಂ ಕೋರ್ಟು ದಂಡಸಂಹಿತೆಯ ೩೭೭ನೆಯ ಕಲಮನ್ನು ಎತ್ತಿಹಿಡಿಯಿತು. ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಅದೇ ನ್ಯಾಯಾಲಯ ಹೊರತೆಗೆದುದು ೨೦೧೮ರ ಸೆಪ್ಟೆಂಬರ್ ೬ರಂದು. ಕಾನೂನಿಗಿಂತ ಐದು ವರ್ಷ ಮೊದಲು ಕನ್ನಡದ ಕಥೆ ಈ ಮಾತನ್ನು ಆಡಿತ್ತು. ಅದನ್ನು ಅಚ್ಚು ಹಾಕಲು ಯಾರ ಅಪ್ಪಣೆಯನ್ನೂ ಕಾಯಬೇಕಾಗದೆ ಇದ್ದುದು ಲೇಖಕರಿಗೆ ಎಂತಹ ಆಸರೆಯಾಗಿರಬೇಕೆಂಬುದನ್ನು ಊಹಿಸಬಹುದು.

ಆದರೆ ಧೈರ್ಯವೊಂದೇ ಸಾಹಿತ್ಯಗುಣವಲ್ಲ. ಕಥೆಗಳ ನಿಜವಾದ ಬಲವಿರುವುದು ಅವುಗಳ ಸಾದಾತನದಲ್ಲಿ. ‘ಕಗ್ಗಂಟು’ ಕಥೆಯಲ್ಲಿ ಜೊತೆಗಿದ್ದ ಗೆಳೆಯ ಮದುವೆಯ ಕಡೆಗೆ ಹೊರಳಿಕೊಳ್ಳುವಾಗ ಮೋಹನಸ್ವಾಮಿ ಅನುಭವಿಸುವ ಸಂಕಟ ಯಾವ ವಿಶೇಷ ವರ್ಗದ ಸಂಕಟವೂ ಅಲ್ಲ. ಕೈಬಿಡಲ್ಪಟ್ಟ ಪ್ರತಿಯೊಬ್ಬರ ಸಂಕಟ. ಅಡುಗೆ, ಬಾಡಿಗೆ ಮನೆ, ಕಚೇರಿ, ಊರಿನ ನೆನಪುಗಳ ವಿವರಗಳಲ್ಲಿಯೇ ಆ ನೋವು ಬೆಳೆಯುತ್ತದೆ. ಸಣ್ಣ ಊರನ್ನು ಬಿಟ್ಟು ದೊಡ್ಡ ನಗರಕ್ಕೆ ಬಂದವನ ಏಕಾಂತ, ಅಲ್ಲಿ ದೊರೆಯುವ ಅಜ್ಞಾತವಾಸದ ಬಿಡುಗಡೆ, ಆ ಬಿಡುಗಡೆಯೇ ಮತ್ತೊಂದು ಬಗೆಯ ಒಂಟಿತನವಾಗುವ ಪರಿ—ಇವು ಪರಸ್ಥಳದಲ್ಲಿ ಬಾಳಿದ ಓದುಗನಿಗೆ ವಿವರಣೆಯಿಲ್ಲದೆ ಅರ್ಥವಾಗುವಂಥವು. ಹೊರನಾಡಿಗನಿಗೆ ಈ ಸಂಕಲನ ದೂರದ್ದೆನಿಸದಿರಲು ಇದೇ ಕಾರಣ.

ದೋಷವಿರುವುದು ಪುನರಾವೃತ್ತಿಯಲ್ಲಿ. ಅವಮಾನದ ಪ್ರಸಂಗಗಳು ಒಂದಾದ ಮೇಲೊಂದರಂತೆ ಬಂದಾಗ ಓದುಗನ ಮನಸ್ಸು ಮರಗಟ್ಟುವ ಅಪಾಯವಿದೆ. ಕಥೆ ತಾನಾಗಿಯೇ ತೋರಿಸಿದ್ದನ್ನು ನಿರೂಪಕ ಮತ್ತೊಮ್ಮೆ ಬಿಡಿಸಿ ಹೇಳುವ ಸ್ಥಳಗಳೂ ಉಂಟು. ಮೊದಲ ಬಾರಿಗೆ ಬಾಯಿ ಬಿಟ್ಟವನಿಗೆ ತನ್ನ ಮಾತು ಕೇಳಿಸಿತೋ ಇಲ್ಲವೋ ಎಂಬ ಶಂಕೆ ಸಹಜ. ಅದರಿಂದಲೇ ಈ ಒತ್ತಿ ಹೇಳುವಿಕೆ ಬಂದಿರಬಹುದು. ನಂಬಿಕೆಯ ಓದುಗನೊಬ್ಬ ಹಸ್ತಪ್ರತಿಯ ಅಂಚಿನಲ್ಲಿ ‘ಕೇಳಿಸಿತು’ ಎಂದು ಬರೆದಿದ್ದರೆ ಆ ವಾಕ್ಯಗಳು ಬೀಳುತ್ತಿದ್ದವು, ಕಥೆಗಳು ನಿಲ್ಲುತ್ತಿದ್ದವು.

‘ತೇಜೋ ತುಂಗಭದ್ರಾ’ ಇವೆಲ್ಲಕ್ಕಿಂತ ದೊಡ್ಡ ಹವಣಿಕೆಯ ಕೃತಿ. ಹದಿನೈದನೆಯ ಶತಮಾನದ ಕೊನೆ, ಹದಿನಾರನೆಯದರ ಆರಂಭ—ಇದು ಕಥೆಯ ಕಾಲ. ಪೋರ್ಚುಗಲ್ಲಿನ ಲಿಸ್ಬನ್ ನಗರದ ತೇಜೋ ನದಿಯ ದಂಡೆಯಲ್ಲಿ ಗೇಬ್ರಿಯಲ್ ಹಾಗೂ ಯೆಹೂದಿ ಹುಡುಗಿ ಬೆಲ್ಲಾ. ವಿಜಯನಗರ ಸಾಮ್ರಾಜ್ಯದ ತುಂಗಭದ್ರೆಯ ದಂಡೆಯಲ್ಲಿ ಹಂಪಮ್ಮ ಹಾಗೂ ಕೇಶವ. ಹಣ ಗಳಿಸಲು ಹಡಗು ಹತ್ತಿ ಹಿಂದೂದೇಶಕ್ಕೆ ಬಂದ ಗೇಬ್ರಿಯಲ್‌ನ ಪಯಣದಿಂದ ಎರಡೂ ಪ್ರವಾಹಗಳು ಕೂಡುತ್ತವೆ. ೧೪೯೨ರಲ್ಲಿ ಸ್ಪೇನಿನಿಂದ ಯೆಹೂದಿಗಳ ಉಚ್ಚಾಟನೆ, ೧೪೯೭ರಲ್ಲಿ ಪೋರ್ಚುಗಲ್ಲಿನಲ್ಲಿ ಅವರ ಬಲವಂತದ ಮತಾಂತರ, ೧೫೧೦ರಲ್ಲಿ ಗೋವೆಯ ಪತನ—ಈ ಚಾರಿತ್ರಿಕ ಘಟನೆಗಳು ಕಥೆಯ ಹಿನ್ನೆಲೆಗಿವೆ.

ವಿಜಯನಗರವನ್ನು ಕುರಿತ ಕನ್ನಡ ಕಾದಂಬರಿಯನ್ನು ಓದುವಾಗ ಗಳಗನಾಥರ ‘ಮಾಧವ ಕರುಣಾವಿಲಾಸ’ ನೆನಪಾಗುವುದು ಅನಿವಾರ್ಯ. ರಾಬರ್ಟ್ ಸಿವೆಲ್ಲರ ಗ್ರಂಥ ೧೯೦೦ರಲ್ಲಿ ಆ ಮರೆತ ಸಾಮ್ರಾಜ್ಯವನ್ನು ಮತ್ತೆ ಬೆಳಕಿಗೆ ತಂದಿತ್ತು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ೧೯೧೭ರಲ್ಲಿ ಹೊರಬಂದಿತ್ತು. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ‘ನೀವು ಹೀಗಿದ್ದಿರಿ’ ಎಂದು ಹೇಳುವುದು ಆ ತಲೆಮಾರಿನ ಕರ್ತವ್ಯವಾಗಿತ್ತು. ಪುಣೆಯ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು, ಆ ಮಾದರಿಯನ್ನು ಕನ್ನಡನಾಡಿನ ಚರಿತ್ರೆಗೆ ಹೊಂದಿಸಿ ಈ ಕರ್ತವ್ಯವನ್ನು ನೆರವೇರಿಸಿದರು. ಅವರ ವಿಜಯನಗರವೆಂದರೆ ವಿದ್ಯಾರಣ್ಯರ ಸಂಕಲ್ಪ, ಧರ್ಮದ ಉದ್ಧಾರ, ಸಾಮ್ರಾಜ್ಯದ ಉದಯ.

ವಸುಧೇಂದ್ರರ ವಿಜಯನಗರದಲ್ಲಿ ಸಿಂಹಾಸನ ದೂರದಲ್ಲಿದೆ. ಹತ್ತಿರದಲ್ಲಿರುವುದು ಹಳ್ಳಿಯ ಕುಸ್ತಿ, ಕಲ್ಲುಕೆಲಸ, ಹರಕೆ, ಜಾತಿಯ ಕಟ್ಟಳೆ, ಗಂಡ ಸತ್ತ ಹೆಣ್ಣನ್ನು ಸಹಗಮನದ ಕಡೆಗೆ ನೂಕುವ ನೆರೆಹೊರೆ. ಅತ್ತ ಲಿಸ್ಬನ್ನಿನಲ್ಲಿಯೂ ದೇವರ ಹೆಸರಿನಲ್ಲಿ ಮನುಷ್ಯನನ್ನು ಬೇಟೆಯಾಡುತ್ತಾರೆ. ಕ್ರೌರ್ಯ ಒಂದು ಮತಕ್ಕೆ, ಒಂದು ದೇಶಕ್ಕೆ ಸೇರಿದುದಲ್ಲ ಎಂಬುದನ್ನು ಕಾದಂಬರಿ ಉಪದೇಶದಿಂದಲ್ಲ, ರಚನೆಯಿಂದಲೇ ಸಾಧಿಸುತ್ತದೆ. ಒಂದು ದಂಡೆಯಲ್ಲಿ ನಡೆದುದನ್ನು ಖಂಡಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ದಂಡೆಯಲ್ಲಿ ಅದೇ ನಡೆಯುತ್ತಿರುವುದು ಓದುಗನಿಗೆ ಕಾಣುತ್ತದೆ. ಗಳಗನಾಥರು ವೈಭವವನ್ನು ತೋರಿಸಿದರೆ ಇವರು ವೈಭವದ ವೆಚ್ಚವನ್ನು ಯಾರು ತೆತ್ತರೆಂದು ಕೇಳುತ್ತಾರೆ. ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕ ಮೇಲಲ್ಲದೆ ಎರಡನೆಯ ಪ್ರಶ್ನೆಯನ್ನು ಕೇಳುವ ನೆಮ್ಮದಿ ಜನಾಂಗಕ್ಕೆ ಬರುವುದಿಲ್ಲ. ಆದ್ದರಿಂದ ಇದು ಗಳಗನಾಥರ ನಿರಾಕರಣೆಯಲ್ಲ. ಅವರ ಕೆಲಸದ ಮುಂದುವರಿಕೆ.

ಇಲ್ಲಿಯೂ ಆಕ್ಷೇಪಗಳಿವೆ. ಸಂಗ್ರಹಿಸಿದ ಸಂಗತಿಗಳೆಲ್ಲವೂ ಕಥೆಗೆ ಬೇಕಾದವೇ ಎಂದು ಹೇಳಲಾಗದು. ಅಲ್ಲಲ್ಲಿ ಪಾತ್ರ ನಿಂತು ಮಾಹಿತಿ ನಡೆಯುತ್ತದೆ. ನಿರೂಪಣೆಯ ಕನ್ನಡ ಎರಡೂ ನದಿಗಳ ಮೇಲೆ ಬಹುಮಟ್ಟಿಗೆ ಒಂದೇ ಸಮನಾಗಿ ಹರಿಯುವುದರಿಂದ ಓದು ಸುಗಮವಾಗುತ್ತದೆ ನಿಜ. ಆದರೆ ಲಿಸ್ಬನ್ನಿನ ಪರಕೀಯತೆ ಕಿವಿಗೆ ಬೀಳುವುದಿಲ್ಲ, ಕಣ್ಣಿಗೆ ಮಾತ್ರ ಬೀಳುತ್ತದೆ. ಹಿಂಸೆಯ ದೃಶ್ಯಗಳು ಒಂದರ ಮೇಲೊಂದು ಬಂದು, ‘ಮೋಹನಸ್ವಾಮಿ’ಯಲ್ಲಿ ಕಂಡ ಅತಿನಿರೂಪಣೆಯ ದೋಷವೇ ದೊಡ್ಡ ಪ್ರಮಾಣದಲ್ಲಿ ಮರಳಿದೆ. ಒಬ್ಬ ಲೇಖಕನ ದೋಷ ಎರಡು ಕೃತಿಗಳಲ್ಲಿ ಒಂದೇ ಆಗಿದ್ದರೆ ಅದು ಆಕಸ್ಮಿಕವಲ್ಲ. ಕಡಿಮೆ ಮಾಡೆಂದು ಹೇಳುವ ಎರಡನೆಯ ಧ್ವನಿ ಆ ಬರವಣಿಗೆಯ ಕೋಣೆಯಲ್ಲಿ ದುರ್ಬಲವಾಗಿತ್ತೆಂದೇ ಅದರ ಅರ್ಥ. ಮೈತ್ರೇಯಿ ಕರ್ಣೂರರ ಅನುವಾದದಲ್ಲಿ ೨೦೨೨ರಲ್ಲಿ ಇಂಗ್ಲಿಷಿಗೂ ಹೋದ ಈ ಕಾದಂಬರಿಗೆ ಹೊಗಳಿಕೆಯ ಕೊರತೆಯಾಗದು. ಅದಕ್ಕೆ ಸಲ್ಲಬೇಕಾದುದು ಇಂತಹ ಸೂಕ್ಷ್ಮವಾದ ಓದು.

ಮೂರೂ ಕೃತಿಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವುಗಳ ಗುಣವೂ ದೋಷವೂ ಒಂದೇ ಬುಗ್ಗೆಯಿಂದ ಬಂದಿವೆ. ಹೆಸರಿಲ್ಲದ ಪ್ರಕಾರವೊಂದನ್ನು ತೇಜಸ್ವಿಯವರು ಹುಟ್ಟಿಸಿದುದು, ನಾಡು ಹೇಳಲು ಅಂಜಿದ್ದನ್ನು ‘ಮೋಹನಸ್ವಾಮಿ’ ಹೇಳಿದುದು, ಸಾಮ್ರಾಜ್ಯದ ಕಥೆಯನ್ನು ‘ತೇಜೋ ತುಂಗಭದ್ರಾ’ ತಲೆಕೆಳಗು ಮಾಡಿದುದು—ಇವೆಲ್ಲ ‘ಬೇಡ’ ಎನ್ನುವವನಿಲ್ಲದುದರ ಫಲ. ಸಡಿಲಿಕೆ, ಒತ್ತಿ ಹೇಳುವಿಕೆ, ಸಂಗತಿಗಳ ಹೊರೆ—ಇವೂ ಅದೇ ‘ಬೇಡ’ ಇಲ್ಲದುದರ ಫಲ. ಸ್ವಾತಂತ್ರ್ಯವನ್ನು ಉಳಿಸಿಕೊಂಡು ದೋಷವನ್ನು ಕಳೆದುಕೊಳ್ಳುವ ಉಪಾಯ ಲೇಖಕನೊಬ್ಬನ ಕೈಯಲ್ಲಿ ಇಲ್ಲ.

ಈ ಉಪಾಯದ ಅರಿವು ಸ್ವತಃ ವಸುಧೇಂದ್ರರಿಗೆ ಇದೆಯೆಂಬುದಕ್ಕೆ ಅವರ ಪ್ರಕಾಶನದ ಕೆಲಸವೇ ಸಾಕ್ಷಿ. ಹೊಸ ಕಥೆಗಾರರಿಂದ ಹಸ್ತಪ್ರತಿಗಳನ್ನು ಆಹ್ವಾನಿಸಿ, ಪರೀಕ್ಷಿಸಿ, ಆಯ್ದುದಕ್ಕೆ ಬಹುಮಾನವನ್ನಿತ್ತು ಪ್ರಕಟಿಸುವ ಪದ್ಧತಿಯನ್ನು ‘ಛಂದ ಪುಸ್ತಕ’ ನಡೆಸಿಕೊಂಡು ಬಂದಿದೆ. ತನ್ನ ಪುಸ್ತಕಕ್ಕಾಗಿ ಕಟ್ಟಿದ ಮನೆಯಲ್ಲಿ ಪರರ ಪುಸ್ತಕಕ್ಕೂ ಕೋಣೆ ಬಿಟ್ಟುಕೊಟ್ಟ ಮೇಲೆ ಅದು ಸ್ವಪ್ರಕಾಶನವಾಗಿ ಉಳಿಯುವುದಿಲ್ಲ, ಸಾಹಿತ್ಯದ ಸಂಸ್ಥೆಯಾಗುತ್ತದೆ. ಪರರ ಹಸ್ತಪ್ರತಿಗೆ ದೊರೆಯುವ ಆ ನಿಷ್ಠುರ ಪರೀಕ್ಷೆ ತಮ್ಮ ಹಸ್ತಪ್ರತಿಗೂ ದೊರೆಯಲೆಂದು ಹಾರೈಸುವುದು ಅಧಿಕಪ್ರಸಂಗವಾಗಲಾರದು.

ಉಳಿದ ಹೊಣೆ ವಿಮರ್ಶೆಯದು. ಪ್ರಕಾಶಕನ ಕಣ್ಣು ಬೀಳದ ಗ್ರಂಥಕ್ಕೆ ವಿಮರ್ಶಕನೇ ಎರಡನೆಯ ಕಣ್ಣಾಗಬೇಕು. ಅಚ್ಚಾದ ಪುಸ್ತಕವನ್ನು ಅವನು ತಿದ್ದಲಾರ. ಆದರೆ ಎರಡನೆಯ ಮುದ್ರಣವನ್ನೂ ಮುಂದಿನ ಪುಸ್ತಕವನ್ನೂ ತಿದ್ದಬಲ್ಲ. ಗಳಗನಾಥರು ಹೊತ್ತು ತಂದ ಗಂಟನ್ನು ಬಿಚ್ಚಿಸಿದ ಓದುಗರು ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡರು, ಕೂತು ಓದಿದರು. ದುಡ್ಡು ಕೊಟ್ಟವನಿಗೆ ಮೆಚ್ಚುವ ಹಕ್ಕಿನಂತೆಯೇ ಮೆಚ್ಚದಿರುವ ಹಕ್ಕೂ ಉಂಟು. ಆ ಎರಡೂ ಹಕ್ಕುಗಳನ್ನು ಪ್ರಾಮಾಣಿಕವಾಗಿ ಚಲಾಯಿಸುವುದೇ ಸ್ವಂತ ಹಣ ಹೂಡಿದ ಲೇಖಕನಿಗೆ ಸಲ್ಲಿಸಬಹುದಾದ ನಿಜವಾದ ಗೌರವ.