ಅಂತರಜಾಲ ನಕ್ಷೆಯಲ್ಲಿ ಸಂಡೂರಿನ ಕೆಂಪು ಮಣ್ಣು

ಸಂಡೂರಿನ ಬೆಟ್ಟಸಾಲನ್ನು ಮಳೆಗಾಲ ಮುಗಿದ ಮೇಲೆ ಆಕಾಶದಿಂದ ನೋಡಿದರೆ ಎರಡು ಬಣ್ಣಗಳು ಎದ್ದು ಕಾಣುತ್ತವೆ: ಕಾಡಿನ ಹಸಿರು ಮತ್ತು ಕಬ್ಬಿಣದ ಅದಿರಿನ ಗಣಿಗಳ ಕೆಂಪು. ಇವೆರಡೂ ಸೇರುವ ಗೆರೆ ಇಲ್ಲಿ ಬಹು ಮುಖ್ಯ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅನಂತರ ಗುತ್ತಿಗೆ ಪ್ರದೇಶಗಳ ಸರ್ವೆ ನಡೆದು, ಗಡಿಯಾಚೆ ಅಗೆದ ಹಾಗೂ ಮಣ್ಣು ಸುರಿದ ನೆಲದ ಶೇಕಡಾ ಪ್ರಮಾಣವನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಇಂಥ ಗೆರೆಯನ್ನು ನೀವು ಅಂತರಜಾಲ ನಕ್ಷೆಯ ವೈಮಾನಿಕ ಚಿತ್ರದಲ್ಲಿ ಹುಡುಕಿದರೆ ಅದು ಎಷ್ಟು ನಂಬಲರ್ಹ?

ನಕ್ಷೆಯು ನಮ್ಮ ಪರದೆಗೆ ಸಾಮಾನ್ಯವಾಗಿ 256×256 ಪಿಕ್ಸೆಲ್‌ಗಳ ತುಣುಕುಗಳಾಗಿ ಬರುತ್ತದೆ. ಸಂಪೀಡಿಸದಿದ್ದರೆ ಒಂದು ತುಣುಕಿಗೆ 192 ಕಿಲೋಬೈಟ್ ಬೇಕು. ಆದ್ದರಿಂದ ಸಂಪೀಡನ ಅನಿವಾರ್ಯ. ಛಾಯಾಚಿತ್ರಕ್ಕೆ ಜೆಪೆಗ್ ಸೂಕ್ತವೂ ಹೌದು. ಆಕ್ಷೇಪವಿರುವುದು ತಂತ್ರಾಂಶ ಕೊಟ್ಟ ಆಯ್ಕೆಗಳನ್ನು ಯೋಚಿಸದೆ ಹಾಗೆಯೇ ಉಳಿಸಿಕೊಳ್ಳುವ ರೂಢಿಯ ಬಗ್ಗೆ.

ಜೆಪೆಗ್ ಚಿತ್ರದ ಉಜ್ವಲತೆಯನ್ನೂ ಬಣ್ಣವನ್ನೂ ಬೇರ್ಪಡಿಸುತ್ತದೆ. 4:2:0 ಎಂಬ ಸಾಮಾನ್ಯ ಕ್ರಮದಲ್ಲಿ ಉಜ್ವಲತೆ ಪ್ರತಿ ಪಿಕ್ಸೆಲ್‌ಗೂ ಉಳಿಯುತ್ತದೆ. ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ. ನಮ್ಮ ಕಣ್ಣು ಬಣ್ಣದ ಸೂಕ್ಷ್ಮ ವಿವರಗಳನ್ನು ಅಷ್ಟಾಗಿ ಗ್ರಹಿಸದು ಎಂಬುದೇ ಇದಕ್ಕೆ ಆಧಾರ. ಪಟ್ಟಣದ ಚಿತ್ರಕ್ಕೆ ಇದು ಸಾಕು. ಸಂಡೂರಿಗೆ ಸಾಲದು.

ಲೆಕ್ಕ ಹಾಕಿ ನೋಡಿ. ಉಜ್ವಲತೆ = 0.299 ಕೆಂಪು + 0.587 ಹಸಿರು + 0.114 ನೀಲಿ. ಗಣಿಮಣ್ಣಿನ ಮೌಲ್ಯಗಳು 150, 75, 50 ಎಂದೂ, ಕಾಡಿನವು 70, 115, 50 ಎಂದೂ ಇಟ್ಟುಕೊಳ್ಳಿ. ಮೊದಲನೆಯದರ ಉಜ್ವಲತೆ 94.6, ಎರಡನೆಯದರದು 94.1. ಅಂದರೆ ಇವೆರಡರ ನಡುವಿನ ಗಡಿಯನ್ನು ಹೇಳುವುದು ಬಣ್ಣವೊಂದೇ. ಸಂಪೀಡನ ಅಳಿಸುವುದೂ ಅದನ್ನೇ! ಹಸಿರಿನ ನಡುವೆ ಒಂದು ಪಿಕ್ಸೆಲ್ ಅಗಲದ ಕೆಂಪು ದಾರಿಯಿದ್ದರೆ ಅದು ಎರಡು ಪಿಕ್ಸೆಲ್ ಅಗಲದ ಮಂಕು ಕಂದಾಗುತ್ತದೆ. ನಕ್ಷೆಯ 18ನೆಯ ಹಂತದಲ್ಲಿ, ಸಂಡೂರಿನ 15 ಡಿಗ್ರಿ ಅಕ್ಷಾಂಶದಲ್ಲಿ, ಒಂದು ಪಿಕ್ಸೆಲ್ ಸುಮಾರು 0.58 ಮೀಟರ್. ಬಣ್ಣವನ್ನು ಸಂಸ್ಕರಿಸುವ ಒಂದೊಂದು ಚೌಕ ನೆಲದ ಮೇಲೆ ಸುಮಾರು 9 ಮೀಟರ್ ಅಗಲ.

ಗುಣಮಟ್ಟದ ಅಂಕವನ್ನು 75ರಿಂದ 90ಕ್ಕೆ ಏರಿಸಿದರೆ ಸಾಲದೇ? ಸಾಲದು. 4:2:0 ಹಾಗೆಯೇ ಇದ್ದರೆ ಕಳೆದ ಬಣ್ಣ ಮರಳುವುದಿಲ್ಲ. 256 ಬಣ್ಣಗಳ ಪಿಎನ್‌ಜಿ ಕಾಡಿನ ಛಾಯೆಗಳನ್ನು ಪಟ್ಟೆಪಟ್ಟೆಯಾಗಿಸುತ್ತದೆ. ಪೂರ್ಣವರ್ಣದ ಪಿಎನ್‌ಜಿ ನಷ್ಟರಹಿತ, ಆದರೆ ಛಾಯಾಚಿತ್ರಕ್ಕೆ ಬಲು ಭಾರ. ಹೊಸದಾದ ವೆಬ್‌ಪಿಯ ನಷ್ಟಸಹಿತ ಕ್ರಮದಲ್ಲಂತೂ 4:2:0 ಬಿಟ್ಟು ಬೇರೆ ಆಯ್ಕೆಯೇ ಇಲ್ಲ.

ಹಾಗಾದರೆ ದಾರಿ ಏನು? ಚಿತ್ರವನ್ನು 4:4:4 ಕ್ರಮದ ಜೆಪೆಗ್‌ನಲ್ಲಿ ಕೊಡಬೇಕು; ಕಡತ ತುಸು ದೊಡ್ಡದಾಗುತ್ತದೆ, ಆಗಲಿ. ಗುತ್ತಿಗೆಯ ಗಡಿಗೆರೆಗಳನ್ನು ಚಿತ್ರದ ಮೇಲೆ ಅಚ್ಚೊತ್ತದೆ ಪಾರದರ್ಶಕ ಪಿಎನ್‌ಜಿ ಪದರವಾಗಿ ಬೇರೆಯಾಗಿ ಕೊಡಬೇಕು. ಒಮ್ಮೆ ಸಂಪೀಡಿಸಿದ ಚಿತ್ರವನ್ನು ಮತ್ತೆ ಸಂಪೀಡಿಸಬಾರದು. ಅಳತೆ ಮಾಡುವವರಿಗೆ ಮೂಲ ಜಿಯೋಟಿಫ್ ಕಡತವೇ ಸಿಗಬೇಕು.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಮೇಲಿನ ಎರಡು ಬಣ್ಣಗಳಿಂದ ಒಂದು ಪುಟ್ಟ ಚಿತ್ರ ಬರೆಸಿ, ಎರಡೂ ಕ್ರಮಗಳಲ್ಲಿ ಉಳಿಸಿ, ಹಿಗ್ಗಿಸಿ ನೋಡಿ. ನಕ್ಷೆಯಲ್ಲಿ ಕಂಡದ್ದೆಲ್ಲ ನೆಲದ ಮೇಲೆ ಹಾಗೆಯೇ ಇರಬೇಕಾಗಿಲ್ಲ ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿಯುತ್ತದೆ.