ಮಿಡಲ್‌ಗ್ರುಂಡೆನ್: ಕಡಲ ಗಾಳಿಯಲ್ಲಿ ಜನರ ಪಾಲು

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಬಂದರಿನಿಂದ ಸುಮಾರು 3.5 ಕಿ.ಮೀ. ದೂರದಲ್ಲಿ ಮಿಡಲ್‌ಗ್ರುಂಡೆನ್ ಎಂಬ ಆಳವಿಲ್ಲದ ಕಡಲದಿಣ್ಣೆಯಿದೆ. ಅದರ ಮೇಲೆ 20 ಗಾಳಿಯಂತ್ರಗಳು ಬಿಲ್ಲಿನಂತೆ ಬಾಗಿದ ಒಂದೇ ಸಾಲಿನಲ್ಲಿ ನಿಂತಿವೆ. 2000ದ ಕೊನೆಗೆ ಕೆಲಸ ಶುರುಮಾಡಿದ ಈ ಸ್ಥಾವರದ ಸಾಮರ್ಥ್ಯ 40 ಮೆಗಾವ್ಯಾಟ್. ಇಂದಿನ ಲೆಕ್ಕಕ್ಕೆ ಇದು ತೀರಾ ಚಿಕ್ಕದು. ಆದರೂ ಕಡಲ ಗಾಳಿವಿದ್ಯುತ್ತಿಗೆ ಜನಬೆಂಬಲ ಹೇಗೆ ಕೂಡಿಬರುತ್ತದೆ ಎಂದು ತಿಳಿಯಲು ಇಷ್ಟು ಒಳ್ಳೆಯ ನಿದರ್ಶನ ಸುಲಭಕ್ಕೆ ಸಿಗದು.

ಮೊದಲ ನಕ್ಷೆಯಲ್ಲಿ ಮೂರು ಸಾಲುಗಳಲ್ಲಿ 27 ಯಂತ್ರಗಳಿದ್ದವು. 1997ರಲ್ಲಿ ಅದನ್ನು ಸಾರ್ವಜನಿಕರ ಮುಂದಿಟ್ಟಾಗ ಕಡಲಿನ ನೋಟ ಕೆಡುತ್ತದೆ ಎಂಬ ತಕರಾರು ಎದ್ದಿತು. ಯಂತ್ರಗಳ ಸಂಖ್ಯೆ ಇಳಿಯಿತು, ಮೂರು ಸಾಲು ಹೋಗಿ ಒಂದು ಕಮಾನು ಬಂತು. ಸದ್ದಿಗೆ ಅಂಜಿದ್ದವರನ್ನು ನೆಲದ ಮೇಲಿದ್ದ ಹೊಸ ಯಂತ್ರವೊಂದರ ಬಳಿಗೆ ಕರೆದೊಯ್ಯಲಾಯಿತು. ಅವರು ಅದರ ಸದ್ದನ್ನು ತಮ್ಮ ಕಿವಿಯಿಂದಲೇ ಕೇಳಿ ನಿರ್ಧರಿಸಿದರು. ಆ ದಿಣ್ಣೆ ಬಂದರಿನ ಹೂಳು ಸುರಿಯುತ್ತಿದ್ದ ಹಳೆಯ ಜಾಗ. ಹಾಗಾಗಿ ಅಡಿಪಾಯ ತೋಡುವಾಗ ವಿಷ ಕದಡೀತೆಂಬ ಆತಂಕವೂ ಇತ್ತು, ಅದಕ್ಕೂ ಪರೀಕ್ಷೆಗಳು ನಡೆದವು. ಆಕ್ಷೇಪ ಎತ್ತಿದವರಿಗೆ ತಮ್ಮ ಮಾತಿನ ಫಲ ನಕ್ಷೆಯಲ್ಲೇ ಕಂಡಿತು. ಈ ಯೋಜನೆಯ ನಿಜವಾದ ಹೆಗ್ಗಳಿಕೆ ಇದೇ.

ಜನಬೆಂಬಲಕ್ಕೆ ಎರಡನೆಯ ಕಾರಣ ಒಡೆತನ. ಅರ್ಧ ಯಂತ್ರಗಳು ನಗರದ ವಿದ್ಯುತ್ ಸಂಸ್ಥೆಗೆ, ಉಳಿದ ಹತ್ತು 8,500ಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘಕ್ಕೆ ಸೇರಿದವು. ಸಂಘದ 40,500 ಷೇರುಗಳಲ್ಲಿ ಒಂದೊಂದನ್ನೂ ವರ್ಷಕ್ಕೆ ಸುಮಾರು 1,000 ಯೂನಿಟ್ ವಿದ್ಯುತ್ತಿಗೆ ಸಮನಾಗಿ ನಿಗದಿಪಡಿಸಲಾಗಿತ್ತು.

ಅಮೆರಿಕದ ಕೇಪ್ ವಿಂಡ್ ಯೋಜನೆಯ ಗತಿ ಬೇರೆಯಾಯಿತು. 2001ರಲ್ಲಿ ಮ್ಯಾಸಚೂಸೆಟ್ಸ್ ಕರಾವಳಿಗೆ ಖಾಸಗಿ ಕಂಪನಿಯೊಂದು ತಂದ 130 ಯಂತ್ರಗಳ ಈ ಯೋಜನೆ, ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದು 2017ರಲ್ಲಿ ಕೈಬಿಟ್ಟುಹೋಯಿತು. ಅಲ್ಲಿ ಯಂತ್ರಗಳು ದಡದಿಂದ ಸುಮಾರು 8 ಕಿ.ಮೀ. ದೂರದಲ್ಲಿ ನಿಲ್ಲಬೇಕಿತ್ತು, ಅಂದರೆ ಕೋಪನ್‌ಹೇಗನ್ನಿಗಿಂತ ದೂರ. ವಿರೋಧಕ್ಕೆ ದೂರವೊಂದೇ ಕಾರಣವೆನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ಡೆನ್ಮಾರ್ಕಿನ ಮಾದರಿಗೂ ಮಿತಿಗಳಿವೆ. ಷೇರು ಕೊಳ್ಳಲು ಉಳಿತಾಯ ಬೇಕು. ಕೈಯಲ್ಲಿ ಹಣವಿಲ್ಲದ ಮನೆಗಳಿಗೆ ಈ ಬಾಗಿಲು ತೆರೆಯುವುದಿಲ್ಲ. ಸಾವಿರ ಮೆಗಾವ್ಯಾಟಿನ ಸ್ಥಾವರಕ್ಕೆ ಬೇಕಾದ ಬಂಡವಾಳ ಸಹಕಾರ ಸಂಘದ ಅಳವಿಗೆ ಮೀರಿದ್ದು. ಡೆನ್ಮಾರ್ಕ್ ಸರ್ಕಾರ 2009ರಿಂದ ಜಾರಿಗೆ ಬಂದ ಕಾನೂನಿನಲ್ಲಿ, ಹೊಸ ಗಾಳಿಯಂತ್ರಗಳ ಕನಿಷ್ಠ ಶೇಕಡಾ 20ರಷ್ಟು ಪಾಲನ್ನು ಸ್ಥಳೀಯರಿಗೆ ಮಾರಾಟಕ್ಕಿಡಬೇಕೆಂದು ವಿಧಿಸಿತು. 2020ರಲ್ಲಿ ಆ ನಿಯಮವನ್ನು ಕೈಬಿಟ್ಟು, ಹತ್ತಿರದ ಮನೆಗಳಿಗೆ ವರ್ಷವರ್ಷ ಬೋನಸ್ ಕೊಡುವ ಏರ್ಪಾಡು ಮಾಡಲಾಯಿತು. ಷೇರು ಕೊಳ್ಳಲಾಗದವರಿಗೂ ಇದರಿಂದ ಹಣ ಸಿಗುತ್ತದೆ, ಆ ಮಟ್ಟಿಗೆ ಇದು ಹೆಚ್ಚು ನ್ಯಾಯವಾದದ್ದು. ಆದರೆ ಯಂತ್ರಗಳು ಎಲ್ಲಿ, ಎಷ್ಟು, ಹೇಗೆ ನಿಲ್ಲಬೇಕೆಂಬ ತೀರ್ಮಾನದಲ್ಲಿ 1997ರ ನಿವಾಸಿಗಳಿಗೆ ಸಿಕ್ಕ ಪಾತ್ರವನ್ನು ಬೋನಸ್ ಯಾರಿಗೂ ಕೊಡುವುದಿಲ್ಲ.